ಬೆರೆತುಹೋದ ನೇರಳೆ ಎಲೆ

"ಇವನ್ನ ಯಾರು ಮುಟ್ಟಿದ್ರಿ?"

ಮಡಿವಾಳೆಪ್ಪನ ದನಿ ಏರಲಿಲ್ಲ. ಅದಕ್ಕೇ ರೇವವ್ವ ಹೆಚ್ಚು ಹೆದರಿದಳು.

ಗಿಡಮರಗಳ ಸಂಶೋಧನೆಗೆಂದು ಧಾರವಾಡದಿಂದ ಬಂದು, ಎಂಬತ್ನಾಲ್ಕರ ಆ ಚಳಿಗಾಲದಲ್ಲಿ ದೇವಿಕೊಪ್ಪದ ಅವಳ ಮನೆಯ ಪಡಸಾಲೆಯಲ್ಲೇ ಇಳಿದುಕೊಂಡಿದ್ದ ಹುಡುಗ. ಕಾಡಿನ ಹಳ್ಳಗಳನ್ನೆಲ್ಲ ಅಲೆದು ಕಾಡುನೇರಳೆಯ ಎಲೆ ತಂದು, ಹಳ್ಳಕ್ಕೊಂದು ಗಂಟಿನಂತೆ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟಿದ್ದ. ಇವತ್ತಿನ ಬಸ್ಸಿಗೆ ಒಯ್ಯಬೇಕು.

ರೇವವ್ವನದೋ ವೀಳ್ಯದೆಲೆ ಮಾರುವ ಮನೆ. ಒದ್ದೆ ಬಟ್ಟೆಯಲ್ಲಿ ಎಲೆ ಕಂಡರೆ ಕೈ ಸುಮ್ಮನಿರುತ್ತದೆಯೇ! ಅವನು ಸ್ನಾನಕ್ಕೆ ಹೋದಾಗ ಗಂಟುಗಳನ್ನೆಲ್ಲ ಬಿಚ್ಚಿ, ಹುಳ ತಿಂದದ್ದನ್ನು ಎಸೆದು, ದೊಡ್ಡವು ಬೇರೆ ಸಣ್ಣವು ಬೇರೆ ಮಾಡಿ ಚೆಂದದ ಕಟ್ಟು ಕಟ್ಟಿದ್ದಳು. ಒಮ್ಮೆಯಾದರೂ ತನ್ನತ್ತ ನೋಡಿ ನಗಲಿ ಎಂಬ ಆಸೆ, ಪಾಪ.

"ನಾನರಿ... ಎಲ್ಲಾ ಒಂದ ಥರದ ಎಲಿ ಅಲ್ಲೇನ್ರಿ?"

"ಕಣ್ಣಿಗೆ ಒಂದ ಥರ. ಸಾವಿರಾರು ವರ್ಷದ ಹಿಂದ ಭೂಮಿ ಮ್ಯಾಲೆ ಹಿಮ ಹೆಚ್ಚಾದಾಗ ಇಲ್ಲೆ ಮಳಿ ಕಡಿಮಿ ಆತು. ಹಸರು ಕಾಡು ಒಣಗಿ, ನೀರಿದ್ದ ಹಳ್ಳದಾಗ ಅಷ್ಟ ಉಳೀತು. ಒಂದು ಹಳ್ಳದ ಗಿಡಕ್ಕ ಇನ್ನೊಂದರ ಸಂಬಂಧ ತಪ್ಪಿ, ಒಳಗೊಳಗ ಬ್ಯಾರೆ ಆಗಿರಬೇಕು. ಅದನ್ನ ನೋಡಾಕ ಬಂದಿದ್ದೆ. ಈಗ ಯಾವ ಎಲಿ ಯಾವ ಹಳ್ಳದ್ದು?"

ಉತ್ತರಕ್ಕೆ ಕಾಯದೆ ಹೊರಗೆ ನಡೆದ.

ರೇವವ್ವ ಹಿತ್ತಲಿಗೆ ಓಡಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮೆಚ್ಚಿಸಲು ಹೋಗಿ ಅವನ ದುಡಿಮೆಯನ್ನೇ ಹಾಳು ಮಾಡಿದೆನಲ್ಲ... ಇನ್ನು ಯಾವ ಮುಖ ಹೊತ್ತು ಎದುರಿಗೆ ನಿಲ್ಲಲಿ?

ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಹೋದ. ಹೋಗಿಯೇಬಿಟ್ಟ ಅಂದುಕೊಂಡಳು.

ಕಣ್ಣೊರೆಸಿಕೊಂಡು ಅಂಗಳಕ್ಕೆ ಬಂದರೆ ಮಡಿವಾಳೆಪ್ಪ ಅಲ್ಲೇ ಕೂತು ಎಲೆ ಕಟ್ಟುವ ಬಟ್ಟೆಗಳನ್ನು ತೊಳೆದು ಹಿಂಡುತ್ತಿದ್ದ!

"ಬಸ್ಸು..." ಅವಳ ತಲೆ ಮೇಲೇಳಲಿಲ್ಲ. "ನನ್ನಿಂದ ತಪ್ಪಾತ್ರಿ."

"ಇಷ್ಟು ದಿನ ನಿಮ್ಮ ಕೈ ರೊಟ್ಟಿ ಉಂಡೆ. ಏನು ಮಾಡಾಕತ್ತೀನಿ ಅಂತ ಒಂದು ಮಾತು ಹೇಳಲಿಲ್ಲ. ನಾಚಿಕಿ ನನಗ ಆಗಬೇಕು." ಅವನೂ ತಲೆ ತಗ್ಗಿಸಿದ. "ನಿನ್ನೆ ಬಸ್ಸಿಗೇ ಹೋಗಬೇಕಾಗಿತ್ತು. ಎಲಿ ಕೆಡತಾವು ಅಂತ ಗೊತ್ತಿತ್ತು."

"ಮತ್ಯಾಕ ಹೋಗಲಿಲ್ರಿ?"

"ನಿಮ್ಮನ್ನ ಬಿಟ್ಟು ಹೋಗಾಕ ಮನಸಾಗಲಿಲ್ಲ."

ಅವಳ ಕಿವಿ ಬೆಚ್ಚಗಾಯಿತು. ಈಗಿನ ನಾಚಿಕೆಯೇ ಬೇರೆ.

"ಎಲಿ ಮತ್ತ ತರೂದೈತಿ ಅಂತ ನಿಮ್ಮಪ್ಪಗ ಹೇಳೇನಿ," ಅಂದ. "ಅವರೂ ಬರತಾರ. ಮತ್ತ ಹಳ್ಳಕ್ಕ ಹೋಗೂಣು."

ರೇವವ್ವ ಮೆಲ್ಲನೆ ಮುಖ ಎತ್ತಿದಳು.

"ಹುಳ ತಿಂದ ಎಲಿನೂ ತರೂದೇನ್ರಿ?"

"ತಾ ರೇವವ್ವ. ನನಗ ಅದೂ ಬೇಕು."