ಸಾಲಿನ ನಡುವೆ ಒಂದು ಉಸಿರು

ಶಾಲೆ ಬಿಟ್ಟ ಮೇಲೆ ನಾನು ಅತ್ತೆಯ ಬಿಸಿನೀರಿನ ಫ್ಲಾಸ್ಕ್ ಹಿಡಿದು ಸ್ಟುಡಿಯೋಗೆ ಹೋಗುತ್ತಿದ್ದೆ. ಸಿನಿಮಾಕ್ಕೆ ಬರುವ ಮೊದಲು ನಾಟಕದಲ್ಲಿ ಹಾಡಿದ್ದ ಅವರು ಉಸಿರೆಳೆದರೆ ಗೋಡೆಯಾಚೆಗೂ ಕೇಳುತ್ತಿತ್ತು. “ಅಕ್ಕಾ, ಮೈಕನ್ನೂ ನುಂಗಿಬಿಡ್ತೀರಿ!” ಎಂದು ನಗುತ್ತ ರೆಕಾರ್ಡಿಸ್ಟ್ ಆ ಉಸಿರಿನ ಸದ್ದನ್ನು ಹಾಡಿನಿಂದ ಕತ್ತರಿಸುತ್ತಿದ್ದರು.

ಅತ್ತೆ ತೀರಿಹೋದ ವರ್ಷ ಅವರ ಮಗಳಿಗೆ ಮೊದಲ ಹಾಡು ಸಿಕ್ಕಿತು. ಉದ್ದನೆಯ ಕೊನೆ ಸಾಲಿನಲ್ಲಿ ಅವಳ ದಮ್ಮು ಮುಗಿದುಹೋಗುತ್ತಿತ್ತು.

“ಇದೊಂದು ಸಲ ನೋಡೋಣಮ್ಮಾ. ಆಗ್ಲಿಲ್ಲ ಅಂದ್ರೆ ಬೇರೆಯವರ ಕೈಲಿ ಹಾಡಿಸ್ತಾರಂತೆ,” ಎಂದರು ಅದೇ ರೆಕಾರ್ಡಿಸ್ಟ್.

ಗಾಜಿನ ಕೋಣೆಯಲ್ಲಿ ಅವಳೊಬ್ಬಳೇ ಇದ್ದಳು. ಈ ಸಲ ಸಾಲು ಮುರಿಯಲಿಲ್ಲ. ಮತ್ತೆ ಹಾಕಿ ಕೇಳಿದಾಗ, ಅವಳ ದನಿ ನಿಲ್ಲದೆ ಹರಿಯುತ್ತಿರುವಾಗಲೇ ಯಾರೋ ಎದೆತುಂಬ ಉಸಿರೆಳೆದದ್ದು ಕೇಳಿಸಿತು.

“ಇದನ್ನ ನಾನು ಮುಟ್ಟಲ್ಲ ಕಣಮ್ಮ,” ಎಂದು ರೆಕಾರ್ಡಿಸ್ಟ್ ಕಣ್ಣೊರೆಸಿಕೊಂಡರು.

ಆಮೇಲೆ ಎಷ್ಟು ಪ್ರಯತ್ನಪಟ್ಟರೂ ಆ ಸಾಲನ್ನು ಒಂದೇ ದಮ್ಮಿನಲ್ಲಿ ಹಾಡಲು ಅವಳಿಂದ ಆಗಿಲ್ಲ.