ತಟ್ಟೆಯ ನಡುವಿನ ಬೂಚುಗಳು

"ಮೀ ಸರುಕು ತೀಸುಕೆಳ್ಳಂಡಿ," ಎಂದಳು ಶಿವದೇವಿ ತೆಲುಗಿನಲ್ಲಿ, ತಲೆ ಎತ್ತದೆ. ನಿಮ್ಮ ಮಾಲು ವಾಪಸ್ ಒಯ್ಯಿರಿ ಎಂದು.

ಎದುರಿಗೆ ನಿಂತಿದ್ದ ಯುವಕನ ಅಂಗಿಯಿಂದ ಮಳೆನೀರು ತೊಟ್ಟಿಕ್ಕುತ್ತಿತ್ತು. ಅವನು ಗೋಡೆಯ ಕಡೆ ತಿರುಗಿ, ತನ್ನಷ್ಟಕ್ಕೇ ಗೊಣಗಿದ.

"ಶಿವನೇ, ಈ ಯಮ್ಮನಿಗೆ ಹೆಂಗೆ ತಿಳಿಸಿ ಹೇಳ್ಲಿ..."

"ಕನ್ನಡದಾಗ ಹೇಳ್ರಿ. ತಿಳೀತೈತಿ."

ಅವನು ಬೆಚ್ಚಿ ತಿರುಗಿದ. ಅವಳು ಆಗಲೇ ತಲೆ ಎತ್ತಿದ್ದು. ಆ ಔಷಧ ಕಾರ್ಖಾನೆಯ ಗೋದಾಮಿನಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಸರಿಯಾಗಿ ನೋಡಿದರು.

ಅವನ ಹೆಸರು ತಿಪ್ಪೇಸ್ವಾಮಿ. ಮೂಲ ಚಿತ್ರದುರ್ಗ. ಅಪ್ಪ ವೀರಭದ್ರಪ್ಪ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಇದೇ ತೆಲುಗು ಊರಿನ ಕುಷಾಯಿಗೂಡದಲ್ಲಿ ಒಂದು ಶೆಡ್ ಹಾಕಿದ್ದರು. ಇಂಜೆಕ್ಷನ್ ಸೀಸೆಗಳ ಬಾಯಿಗೆ ಹಾಕುವ ರಬ್ಬರ್ ಬೂಚು ಅಲ್ಲಿ ತಯಾರಾಗುತ್ತಿತ್ತು. ಶಿವದೇವಿ ರಸಾಯನಶಾಸ್ತ್ರದಲ್ಲಿ ಎಂ.ಎಸ್‌ಸಿ. ಮುಗಿಸಿ, ಈ ಕಾರ್ಖಾನೆಗೆ ಬರುವ ಸೀಸೆ, ಬೂಚು, ಮುಚ್ಚಳಗಳನ್ನು ಪರೀಕ್ಷಿಸುವ ಕೆಲಸಕ್ಕೆ ಹೊಸದಾಗಿ ಸೇರಿದ್ದಳು.

"ಪುಡಿ ಗಂಟಾಗೈತಿ, ನೋಡ್ರಿ."

ಅವಳು ಸೀಸೆಯನ್ನು ಬೋರಲು ಹಿಡಿದಳು. ಒಳಗಿದ್ದ ಬಿಳಿ ಔಷಧದ ಪುಡಿ ಸಕ್ಕರೆಯ ಹಾಗೆ ಸುರಿಯಬೇಕಿತ್ತು. ತಳಕ್ಕೆ ಅಂಟಿಕೊಂಡು ಕೂತಿತ್ತು.

"ನೀರಿನ ಪಸೆ ಒಳಗ ಹೋಗೈತಿ. ನಿಮ್ಮ ರಬ್ಬರ್‌ನಿಂದನೇ."

"ನಮ್ಮ ರಬ್ಬರಿಗೆ ಕುಡಿಯೋ ಚಟ ಇಲ್ಲ ಮೇಡಂ."

ಅವಳಿಗೆ ನಗು ಬಂತು. ತುಟಿ ಕಚ್ಚಿ ತಡೆದಳು.

ತಿಂಗಳ ಕೊನೆಯ ಮೀಟಿಂಗ್‌ನಲ್ಲಿ ತೀರ್ಮಾನವಾಗಬೇಕಿತ್ತು. ಬೂಚಿನದೇ ತಪ್ಪೆಂದರೆ ತಿಪ್ಪೇಸ್ವಾಮಿಯ ಮಾಲು ಈ ಕಾರ್ಖಾನೆಗೆ ಬರುವುದಿಲ್ಲ. ಇಲ್ಲಿ ಬೇಡವಾದದ್ದನ್ನು ಊರಿನ ಬೇರೆ ಯಾವ ಔಷಧ ಕಂಪನಿಯೂ ಮುಟ್ಟುವುದಿಲ್ಲ. ಅಪ್ಪ ಕಟ್ಟಿದ ಶೆಡ್‌ಗೆ ಬೀಗವೇ ಗತಿ.

ಆಮೇಲೆ ಅವನು ಮತ್ತೆ ಮತ್ತೆ ಬಂದ. ಒಮ್ಮೆ ರಬ್ಬರಿನ ಹಾಳೆ ತೋರಿಸಲು, ಒಮ್ಮೆ ಅಚ್ಚು ತೋರಿಸಲು. ಜಗಳವಾಡಲಿಲ್ಲ, ಗೋಗರೆಯಲೂ ಇಲ್ಲ. ಅವಳು ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ನೋಡ್ಕೊಂಡು ಬರ್ತೀನಿ" ಎನ್ನುತ್ತಿದ್ದ. ಮರುದಿನ ನಿಜಕ್ಕೂ ನೋಡಿಕೊಂಡು ಬರುತ್ತಿದ್ದ.

ಗೇಟಿನಲ್ಲಿ ಅವನ ಸ್ಕೂಟರಿನ ಸದ್ದು ಕೇಳಿದರೆ ಶಿವದೇವಿಯ ಕೈಯಲ್ಲಿದ್ದ ಚಿಮುಟ ತಡೆದು ನಿಲ್ಲತೊಡಗಿತ್ತು. 'ಇದು ಸರಿಯಲ್ಲ,' ಎಂದುಕೊಳ್ಳುವಳು. 'ಅವರ ಮಾಲಿನ ಮೇಲೆ ತೀರ್ಪು ಕೊಡಬೇಕಾದವಳು ನಾನು...'

ಅದಕ್ಕೇ ಆ ಭಾನುವಾರ ಅವಳಿಗೆ ಅಷ್ಟು ಸಿಟ್ಟು ಬಂದದ್ದು.

ಮಲ್ಕಾಜ್‌ಗಿರಿಯ ರೈಲ್ವೆ ಕ್ವಾರ್ಟರ್ಸ್‌ನ ತಮ್ಮ ಮನೆಯ ಹಿತ್ತಲಲ್ಲಿ ಅವಳು ಬಟ್ಟೆ ಹಿಂಡಿ ಒಳಗೆ ಬಂದರೆ, ಪಡಸಾಲೆಯಲ್ಲಿ ತಿಪ್ಪೇಸ್ವಾಮಿ! ತೊಡೆಯ ಮೇಲೊಂದು ಚೀಲ. ಅಮ್ಮ ಬಸಲಿಂಗಮ್ಮ ಅವನ ಮುಂದೆ ಚುರುಮುರಿ ತಟ್ಟೆ ಇಟ್ಟು ಉಪಚಾರ ಮಾಡುತ್ತಿದ್ದಳು.

"ದುರ್ಗದ ಮಂದಿ ಮಾತು ಭಾಳ ಸಪ್ಪಗಿರ್ತಾವ ನೋಡ್ರಿ. ಒಂದು ಮೆಣಸಿನಕಾಯಿ ಕಡೀರಿ."

"ಏನ್ ಕೆಲಸ ಇತ್ರಿ ಇಲ್ಲಿ?" ಎಂದಳು ಶಿವದೇವಿ.

ಅವನು ಎದ್ದು ನಿಂತ. "ನಿಮಗೆ ಒಂದು ಚೀಲ ಕೊಡೋದಿತ್ತು."

"ಕನ್ನಡದವಳು, ಮನೀ ತನಕ ಹೋಗಿ ಕೊಟ್ರ ಸಹಿ ಹಾಕ್ತಾಳ ಅಂತ ತಿಳಿದ್ರೇನು? ನಿಮ್ಮನ್ನ ಬ್ಯಾರೆ ಅನ್ಕೊಂಡಿದ್ದೆ."

ಅವನ ಮುಖ ಬಿಳಿಚಿತು.

"ನಿಮ್ಮ ವಿಭಾಗದ ರಾಮಬ್ರಹ್ಮಂ ಸಾರ್ ಗೇಟಿನಲ್ಲೇ ತಡೆದ್ರು. ಅದಕ್ಕೆ ಇಲ್ಲಿಗೆ ಬಂದೆ." ಅವನು ಚೀಲವನ್ನು ಕುರ್ಚಿಯ ಮೇಲಿಟ್ಟ. "ಇದರಲ್ಲಿ ಬೂಚು ಬಿಟ್ಟು ಏನೂ ಇಲ್ಲ. ಸೀಲ್ ನೀವೇ ಒಡೀರಿ, ನೀವೇ ನೋಡಿ. ತಪ್ಪು ನಮ್ಮದೇ ಆದ್ರೆ ಶೆಡ್ ಬಾಗಿಲು ನಾನೇ ಹಾಕ್ತೀನಿ."

ಸ್ಕೂಟರಿನ ಸದ್ದು ದೂರವಾಯಿತು.

"ಪಾಪ, ಬಾಯಿಗಿಟ್ಟಿದ್ದು ನುಂಗಾಕೂ ಬಿಡಲಿಲ್ಲಲ್ಲ ನೀ," ಎಂದಳು ಬಸಲಿಂಗಮ್ಮ.

ಶಿವದೇವಿ ಆ ಚೀಲವನ್ನು ಎತ್ತಿಕೊಂಡಳು. ಕಣ್ಣು ತುಂಬಿಕೊಂಡಿದ್ದವು.

ಸೋಮವಾರ ಬೆಳಿಗ್ಗೆ ಅವಳು ಚೀಲದ ಸೀಲ್ ಒಡೆದಳು. ಕೆಲವು ಬೂಚುಗಳನ್ನು ತೂಗಿ, ಒಲೆಯಲ್ಲಿ ಕಾಯಿಸಿ, ಮತ್ತೆ ತೂಗಿದಳು. ತೂಕ ಇಳಿಯಲೇ ಇಲ್ಲ ಎನ್ನಬೇಕು. ಅಂದರೆ ಅವನ ರಬ್ಬರಿನಲ್ಲಿ ನೀರಿಲ್ಲ.

ಹಾಗಾದರೆ ನೀರು ಬಂದದ್ದೆಲ್ಲಿಂದ?

ಬೂಚುಗಳನ್ನು ಬಳಸುವ ಮೊದಲು ಕಾರ್ಖಾನೆಯಲ್ಲಿ ತೊಳೆದು, ಹಬೆಯಲ್ಲಿ ಕಾಯಿಸಿ, ಒಣಗಿಸುತ್ತಿದ್ದರು. ಒಣಗಿದ ಮೇಲೆ ಪ್ರತಿ ತಟ್ಟೆಯಿಂದ ಒಂದೆರಡನ್ನು ಪರೀಕ್ಷಿಸುತ್ತಿದ್ದವಳು ಶಿವದೇವಿಯೇ. ಅವೂ ಯಾವಾಗಲೂ ಒಣಗಿರುತ್ತಿದ್ದವು. ಅಂದೂ ಒಣಗಿದ್ದವು.

ಅವಳು ಕೈಚೆಲ್ಲಿ ಕೂತಿದ್ದಾಗ, ಗಾಜಿನ ಆಚೆ ಗುಣವತಿ ಎಂಬ ಹೆಂಗಸು ಒಣಗಿಸಿದ ತಟ್ಟೆಯನ್ನು ಸೀಸೆ ಮುಚ್ಚುವ ಯಂತ್ರದ ಬಾಯಿಗೆ ಬಗ್ಗಿಸಿದಳು. ಮೇಲಿನ ಬೂಚುಗಳು ಗಲಗಲ ಉರುಳಿದವು. ನಡುವಿನವು ಮುದ್ದೆಯಾಗಿ, ಒಟ್ಟಿಗೇ ಜಾರಿದವು.

ಶಿವದೇವಿ ಎದ್ದು ನಿಂತಳು.

ಮಳೆಗಾಲದ ಆರ್ಡರ್ ಮುಗಿಸುವ ಅವಸರದಲ್ಲಿ ತಟ್ಟೆಗಳನ್ನು ಅಂಚಿನವರೆಗೂ ತುಂಬುತ್ತಿದ್ದರು. ಬಿಸಿಗಾಳಿ ನಡುವಿನ ತನಕ ತಲುಪುತ್ತಿರಲಿಲ್ಲ. ಅವಳೋ, ಉಳಿದವು ಕೆದರಬಾರದೆಂದು ಚಿಮುಟದಲ್ಲಿ ಸದಾ ಮೇಲಿನ ಬೂಚನ್ನೇ ಎತ್ತುತ್ತಿದ್ದಳು!

ಮುಂದಿನ ತಟ್ಟೆಯ ನಡುವಿನಿಂದ ಬೂಚು ತೆಗೆದು ತೂಗಿದಳು, ಕಾಯಿಸಿದಳು, ಮತ್ತೆ ತೂಗಿದಳು. ತಕ್ಕಡಿಯ ಮುಳ್ಳು ಇಳಿದೇ ಇಳಿಯಿತು.

'ಅವರದಲ್ಲ... ನಮ್ಮದು. ನನ್ನದೂ ಹೌದು.'

ಮೀಟಿಂಗ್‌ಗೆ ಇನ್ನೂ ಸಮಯವಿತ್ತು. ಆ ಚೀಲದ ಬೂಚುಗಳನ್ನೂ ಹಾಗೇ ತೊಳೆದು, ತಟ್ಟೆ ತುಂಬ ಒಣಗಿಸಿ, ಮೇಲಿನವನ್ನು ಕೆಲವು ಸೀಸೆಗಳಿಗೆ, ನಡುವಿನವನ್ನು ಕೆಲವಕ್ಕೆ ಹಾಕಿ ಮುಚ್ಚಿ, ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು ಕಾದಳು. ವಿಭಾಗದ ಮುಖ್ಯಸ್ಥ ರಾಮಬ್ರಹ್ಮಂ ವಿಷಯ ಕೇಳಿ ಕನ್ನಡಕ ತೆಗೆದರು.

"ಶಿವದೇವಿಯಮ್ಮಾ, ಸಪ್ಲೈಯರ್ ತಪ್ಪು ಅಂದರೆ ಇಲ್ಲಿಗೇ ಮುಗೀತು. ನಮ್ಮ ತಪ್ಪು ಅಂದರೆ ಮೊದಲು ಕೇಳೋದು ನಿನ್ನನ್ನೇ. ಇನ್ನೂ ಪರ್ಮನೆಂಟ್ ಆಗಿಲ್ಲ ನೀನು. ಯೋಚನೆ ಮಾಡು."

ಅವಳು ಯೋಚಿಸಿದಳು. ಆಮೇಲೆ ಕುಷಾಯಿಗೂಡಕ್ಕೆ ಫೋನ್ ಮಾಡಿದಳು.

"ಮೀಟಿಂಗಿಗೆ ಬರ್ರಿ."

"ಬೈಸ್ಕೊಳ್ಳೋಕಾ?"

"ಬರ್ರಿ ಅಂದೆ."

ಉದ್ದನೆಯ ಮೇಜಿನ ತುದಿಯಲ್ಲಿ ತಿಪ್ಪೇಸ್ವಾಮಿ ಕೂತಿದ್ದ, ಅವಳ ಕಡೆ ನೋಡದೆ. ಶಿವದೇವಿ ಎದ್ದು ಮುಂದೆ ಬಂದಳು. ಎರಡು ಸೀಸೆಗಳನ್ನು ಕಾರ್ಖಾನೆಯ ಎಂ.ಡಿ.ಯವರ ಮುಂದೆ ಬೋರಲು ಹಿಡಿದಳು. ಒಂದರಲ್ಲಿ ಪುಡಿ ಸರ್ರನೆ ಜಾರಿತು. ಇನ್ನೊಂದರಲ್ಲಿ ತಳಬಿಟ್ಟು ಅಲುಗಲಿಲ್ಲ.

"ಗಂಟಾದದ್ದಕ್ಕೆ ಇವರ ಬೂಚು, ಚೆನ್ನಾಗಿರುವುದಕ್ಕೆ ಬೇರೆಯವರದೋ?" ಎಂದರು ಎಂ.ಡಿ.

"ಎರಡಕ್ಕೂ ಇವರದೇ ಸರ್. ಒಂದೇ ಚೀಲದ್ದು. ಒಂದು ತಟ್ಟೆಯ ಮೇಲಿನದು, ಒಂದು ನಡುವಿನದು. ನಾವು ಒಣಗಿಸಿದ್ದು ಸಾಲಲಿಲ್ಲ. ನಾನು ಮೇಲಿನದನ್ನಷ್ಟೇ ನೋಡುತ್ತಿದ್ದೆ."

ರಾಮಬ್ರಹ್ಮಂ ಸೀಸೆ ತೆಗೆದುಕೊಂಡು, ತಿರುಗಿಸಿ ನೋಡಿ, ಮೆಲ್ಲಗೆ ಕೆಳಗಿಟ್ಟರು. "ತಟ್ಟೆ ತುಂಬಿಸಲು ಹೇಳಿದ್ದು ನಾನು ಸರ್," ಎಂದರು.

ಎಂ.ಡಿ. ಸೀಸೆಗಳನ್ನು ತಾವೇ ಬೋರಲು ಮಾಡಿ ನೋಡಿದರು. ಆಮೇಲೆ ಅವರ ಮುಖ ಅರಳಿತು.

"ಬೂಚು ಹೇಗೆ ಒಣಗಿಸಬೇಕು, ಹೇಗೆ ಪರೀಕ್ಷಿಸಬೇಕು, ಇನ್ನು ಮುಂದೆ ನೀನೇ ಹೇಳಮ್ಮ. ಆ ಕೆಲಸ ಪೂರ್ತಿ ನಿನ್ನದು, ಪರ್ಮನೆಂಟಾಗಿ. ತಿಪ್ಪೇಸ್ವಾಮಿಗಾರೂ, ಕ್ಷಮಿಸಬೇಕು. ಮಾಲು ಕಳಿಸಿ, ಎಂದಿನಂತೆ."

ಅವಳು ಗೆದ್ದಿದ್ದಳು!

ಸಂಜೆ ಬಸ್‌ಸ್ಟಾಪಿನಲ್ಲಿ ಅವನು ಸ್ಕೂಟರನ್ನು ಗೇಟಿನಲ್ಲೇ ಬಿಟ್ಟು ಅವಳ ಪಕ್ಕ ಬಂದು ನಿಂತ.

"ಅವತ್ತು ಮನ್ಯಾಗ ಅಂದಿದ್ದು..." ಅವಳ ದನಿ ಸಣ್ಣಗಾಯಿತು. "ತಪ್ಪಾತ್ರಿ. ಆದ್ರ ಇವತ್ತು ನಾ ಎದ್ದು ನಿಂತಿದ್ದು ನಿಮ್ಮ ಸಲುವಾಗಿ ಅಲ್ಲ. ಖರೇ ಏನಿತ್ತೋ ಅದನ್ನ ಹೇಳಿದೆ."

"ಗೊತ್ತು. ನನ್ನ ಸಲುವಾಗಿ ನಿಂತಿದ್ರೆ ಥ್ಯಾಂಕ್ಸ್ ಹೇಳಿ ಹೋಗ್ತಿದ್ದೆ." ಅವನು ಉಸಿರೆಳೆದುಕೊಂಡ. "ಈಗ ಹೋಗೋಕಾಗ್ತಿಲ್ಲ. ನನ್ನನ್ನ ಮದುವೆ ಆಗ್ತೀರಾ?"

ಶಿವದೇವಿ ರಸ್ತೆ ನೋಡಿದಳು. ಸೆರಗು ನೋಡಿದಳು. ಕೊನೆಗೆ ಅವನನ್ನು ನೋಡಿದಳು.

"ಹಂಗಾದ್ರ ನಾಳೆಯಿಂದ ನಿಮ್ಮ ಮಾಲು ನಾ ಚೆಕ್ ಮಾಡಂಗಿಲ್ಲ. ಬ್ಯಾರೆಯವರಿಗೆ ಕೊಡಾಕ ಹೇಳ್ತೀನಿ."

"ಯಾಕೆ? ಇನ್ನೂ ಸಿಟ್ಟಾ?"

"ಗಂಡನ ಮಾಲು ಹೆಂಡತಿ ಪಾಸ್ ಮಾಡಬಾರದ್ರಿ."

ಅವನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆಮೇಲೆ ಅವನ ಕಣ್ಣು ತೇವವಾದವು.

"ಇನ್ನೊಂದ್ಸಲ ಹೇಳಿ..."

"ಮಲ್ಕಾಜ್‌ಗಿರಿ ಬಸ್ ಬಂತು. ಹತ್ರಿ."

"ನಂದು ಆ ಕಡೆ ರೀ, ಕುಷಾಯಿಗೂಡ."

"ಗೊತ್ತೈತಿ," ಎಂದು ಅವಳು ಅವನ ತೋಳು ಹಿಡಿದಳು. "ಹತ್ರಿ."