ಮುಚ್ಚಿದ ಮೇಲೂ ತೆರೆದೇ ಇದ್ದ ಫೈಲು

“ಫೈಲು ನಿಮ್ಮ ಹತ್ರಾನೇ ತೆರೆದಿದೆ ಮೇಡಂ. ಅದಕ್ಕೇ ಕೆಳಗಡೆ ಯಾರಿಗೂ ಬರ್ತಿಲ್ಲ.”

ಮೊದಲ ಸಲ ಕಂಡ ಹುಡುಗಿಗೆ ಹೇಳುವ ಮಾತೇ ಇದು! ನಮಸ್ಕಾರವಿಲ್ಲ, ಒಳಗೆ ಬರಲಾ ಎಂಬ ಕೇಳಿಕೆಯಿಲ್ಲ. ಬಾಗಿಲಲ್ಲಿ ನಿಂತವನ ಭುಜದ ಮೇಲೆ ನೀಲಿ ವೈರಿನ ಸುರುಳಿ, ಮೊಣಕಾಲಿನ ತನಕ ಧೂಳು.

ಅವಳಿಗೆ ಮೈಯೆಲ್ಲ ಉರಿದುಹೋಯಿತು.

“ನನ್ನ ಹತ್ರಾನಾ? ಬನ್ನಿ, ಕಣ್ಣಾರೆ ನೋಡಿ!”

ಪರದೆಯ ಮೇಲೆ ಏನೂ ತೆರೆದಿರಲಿಲ್ಲ. ಅವನು ಬಗ್ಗಿ ನೋಡಿದ, ತಲೆ ಕೆರೆದುಕೊಂಡ.

“ಆದ್ರೆ ಈಗಷ್ಟೇ ಕೆಳಗೆ ನನ್ನ ಪಟ್ಟಿಯಲ್ಲಿ ನಿಮ್ಮ ಕಂಪ್ಯೂಟರ್ ಹೆಸರೇ ತೋರಿಸ್ತಿತ್ತು...”

ಅಷ್ಟರಲ್ಲಿ ಮೇಜಿನ ಫೋನು ರಿಂಗಾಯಿತು. ಕೆಳಗಿನಿಂದ ಮಾವ. “ಬಂತು ಕಣೇ ಪುಟ್ಟೀ! ಫೈಲು ತೆಗೀತು! ಆ ನೆಟ್‌ವರ್ಕ್‌ನೋರು ಏನ್ ಮಾಡಿದ್ರು?”

ನೆಟ್‌ವರ್ಕಿನವನು ಏನೂ ಮಾಡಿರಲಿಲ್ಲ. ಬಂದು ನಿಂತಿದ್ದ, ಅಷ್ಟೇ.

ಆ ಹೊಲಿಗೆ ಕಾರ್ಖಾನೆಯ ಮಹಡಿಯಲ್ಲಿ ಕೂತು ಅಂಗಿ, ಕೋಟುಗಳ ಪ್ಯಾಟರ್ನ್, ಎಂದರೆ ಬಟ್ಟೆ ಕತ್ತರಿಸುವ ನಕ್ಷೆ, ಕಂಪ್ಯೂಟರಿನಲ್ಲಿ ಬರೆಯುವವಳು ಅವಳು. ಎಲ್ಲರ ಬಾಯಲ್ಲೂ ‘ಪ್ಯಾಟರ್ನ್ ಮೇಡಂ’. ಬರೆದದ್ದನ್ನು ಎಲ್ಲರ ಪಾಲಿನ ಶೇರ್ ಫೋಲ್ಡರಿನಲ್ಲಿ ಇಡುವಳು. ಕೆಳಗೆ ಕಟಿಂಗ್ ಹಾಲ್‌ನಲ್ಲಿ ಅವಳ ಸೋದರಮಾವ, ಅಂದರೆ ಕಟಿಂಗ್ ಮಾಸ್ಟರ್, ಅದನ್ನು ತೆರೆದು ಬಟ್ಟೆ ಕತ್ತರಿಸಬೇಕು. ಅಂದಿನಿಂದ ಎರಡು ವಾರ ಅಲ್ಲಿ ಒಂದೇ ಪಲ್ಲವಿ: ‘ಈ ಫೈಲು ಬೇರೊಬ್ಬರ ಬಳಿ ತೆರೆದಿದೆ.’ ಯಂತ್ರ ನಿಲ್ಲುವುದು, ಮಾವ ಕೂಗಾಡುವುದು, ಇವನು ಮೆಟ್ಟಿಲು ಹತ್ತಿ ಓಡಿಬರುವುದು.

ಅವನು ಬಂದ ಕೂಡಲೇ ಎಲ್ಲ ಸರಿಹೋಗುವುದು! ಇದೆಂಥ ಮಾಯೆಯೋ!

“ನೀವು ಇಲ್ಲೇ ಒಂದು ಕುರ್ಚಿ ಹಾಕ್ಕೊಂಡು ಕೂತುಬಿಡಿ,” ಎಂದು ಅವಳೇ ಒಂದು ದಿನ ನಕ್ಕಳು.

“ಕೂತ್ರೆ ಕೆಲಸ ಹೋಗುತ್ತೆ ಮೇಡಂ. ನನ್ನದಿನ್ನೂ ಒಂದು ತಿಂಗಳ ಪರೀಕ್ಷೆ ಮೇಲಿನ ಕೆಲಸ. ಈ ತೊಂದರೆ ಯಾಕೆ ಬರ್ತಿದೆ ಅಂತ ಶುಕ್ರವಾರದೊಳಗೆ ಹೇಳ್ಬೇಕು. ಇಲ್ಲಾಂದ್ರೆ ಮನೆಗೆ.”

ನಗುತ್ತಲೇ ಹೇಳಿದ. ಆದರೆ ವೈರಿನ ತುದಿ ಕತ್ತರಿಸುತ್ತಿದ್ದ ಅವನ ಕೈ ಒಂದು ಗಳಿಗೆ ನಿಂತದ್ದು ಅವಳಿಗೆ ಕಂಡಿತು. ಮೂರು ಕಡೆ ಕೆಲಸ ಕೇಳಿ ಅಲೆದು ಇಲ್ಲಿಗೆ ಬಂದವನು ಎಂದು ಮಾವ ಹೇಳಿದ್ದು ನೆನಪಾಯಿತು.

ವೈರು ಬದಲಾಯಿತು, ಗೋಡೆಯ ಡಬ್ಬಿ ಬದಲಾಯಿತು. ಮೇಜಿನಡಿ ತೂರಿಕೊಂಡು ಕೆಲಸ ಮಾಡುತ್ತಲೇ ಅವನು ಮಾತಾಡುವನು. ಅಕ್ಕನ ಮಗಳು ತನ್ನನ್ನು ‘ವೈರು ಮಾಮ’ ಅನ್ನುವುದು, ತನಗೆ ಒಂದು ಗುಂಡಿ ಹೊಲಿಯಲೂ ಬಾರದ್ದು... ಅವಳು ಚಹಾದ ಲೋಟವನ್ನು ಮೇಜಿನಡಿಗೇ ಚಾಚುವಳು.

ದೇವರೇ, ಇವತ್ತೂ ಫೈಲು ತೆರೆಯದಿರಲಿ! ಹೀಗೆ ಬೇಡಿಕೊಂಡು, ತನ್ನ ತಲೆಗೆ ತಾನೇ ಮೊಟಕಿಕೊಂಡಳು ನಮ್ಮ ಜಾಣೆ. ಅವನ ಕೆಲಸವೇ ಹೋಗುತ್ತದಲ್ಲ!

ಶುಕ್ರವಾರ ಬಂದೇಬಿಟ್ಟಿತು. ಮಧ್ಯಾಹ್ನ ಅವಳು ಮ್ಯಾನೇಜರರ ಸಹಿಗೆಂದು ಹೋದಾಗ ಅರೆತೆರೆದ ಬಾಗಿಲಿನಿಂದ ಅವನ ಧ್ವನಿ ಕೇಳಿಸಿತು.

“ಪ್ರತಿ ಸಲಾನೂ ಫೈಲು ಹಿಡಿದಿಟ್ಟಿರೋದು ಪ್ಯಾಟರ್ನ್ ಮೇಡಂ ಕಂಪ್ಯೂಟರೇ ಸಾರ್...”

ಅವಳಿಗೆ ಪೂರ್ತಿ ಕೇಳುವ ತಾಳ್ಮೆ ಎಲ್ಲಿತ್ತು? ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದಳು.

“ನನ್ನ ಕೈಯಲ್ಲೇ ಚಹಾ ಕುಡಿದು, ನನ್ನ ತಲೆಗೇ ಕಟ್ತೀರಾ? ಸಾರ್, ಇವರು ಬಂದಾಗೆಲ್ಲ ನನ್ನ ಪರದೆ ಖಾಲಿ ಇತ್ತು. ಇವರೇ ನೋಡಿದ್ದಾರೆ, ಕೇಳಿ! ಕೆಲಸ ಬರದೇ ಇದ್ರೆ ಬರಲ್ಲ ಅನ್ಬೇಕು!”

ಅವನು ಅವಳನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದು ಸುಮ್ಮನಾದ.

“ಸರಿ,” ಎಂದರು ಮ್ಯಾನೇಜರ್. “ಕಾರಣ ಗೊತ್ತಿಲ್ಲ ಅಂದ್ರೆ ನಾನೂ ಏನು ಮಾಡ್ಲಿ? ಐದು ಗಂಟೆಗೆ ಬೀಗದ ಕೈ ಕೊಟ್ಟು ಹೊರಡಿ.”

ಅವಳು ಗೆದ್ದಿದ್ದಳು. ಆದರೆ ಮೆಟ್ಟಿಲು ಹತ್ತುವಾಗ ನೋಡಿದರೆ, ಸಹಿಯಾಗದ ಕಾಗದ ಹಾಗೇ ಕೈಯಲ್ಲಿತ್ತು. ಏನಂದುಬಿಟ್ಟೆ ನಾನು... ಒಬ್ಬನ ಅನ್ನಕ್ಕೇ ಕಲ್ಲು ಹಾಕಿದೆನಾ?

ಕೆಲಸಕ್ಕೆ ಕೂತಳು. ಬೆಳಿಗ್ಗೆ ಮುಗಿಸಿದ್ದ ಕೋಟಿನ ಫೈಲಿನ ಮೇಲೆ ಒಮ್ಮೆ ಒತ್ತಿದಳು. ಫೋಲ್ಡರಿನ ಬಲಮಗ್ಗುಲಲ್ಲಿ ಅದರ ಚಿತ್ರ ಮೂಡಿತು. ಅದು ಅವಳಿಗೆ ಇತ್ತೀಚೆಗೆ ಅಂಟಿದ ಚಾಳಿ. ಮುಗಿದ ಪ್ಯಾಟರ್ನನ್ನು ಹಾಗೆ ಪಕ್ಕದಲ್ಲಿಟ್ಟುಕೊಂಡು, ಆಗಾಗ ಕಣ್ತುಂಬ ನೋಡಿಕೊಳ್ಳುತ್ತ ಮುಂದಿನದನ್ನು ಬರೆಯುವುದು. ಯಾರಾದರೂ ಮೆಟ್ಟಿಲು ಹತ್ತಿದ ಸದ್ದಾದರೆ ಫೋಲ್ಡರನ್ನು ಪಟಕ್ಕನೆ ಮುಚ್ಚುವಳು. ತನ್ನ ಕೆಲಸವನ್ನು ತಾನೇ ನೋಡಿ ಹಿಗ್ಗುತ್ತಾಳೆ ಎಂದು ಯಾರಾದರೂ ನಕ್ಕಾರು ಎಂಬ ನಾಚಿಕೆ.

ಫೋನು ಬಡಿದುಕೊಂಡಿತು. “ಪುಟ್ಟೀ, ಮತ್ತೆ ಅದೇ ಗೋಳು! ಕೋಟು ತೆಗೀತಿಲ್ಲ!”

ಅವಳು ಗಾಬರಿಯಿಂದ ಆ ಚಿತ್ರವನ್ನೇ ನೋಡಿದಳು. ಛೇ, ಇದು ಬರೀ ಚಿತ್ರ... ಫೈಲನ್ನು ನಾನು ತೆರೆದೇ ಇಲ್ಲವಲ್ಲ!

ಆದರೂ ಫೋಲ್ಡರನ್ನು ಮುಚ್ಚಿದಳು. “ಮಾವ, ಈಗ ನೋಡು.”

“ಹಾ, ಬಂತು!”

“ಮುಚ್ಚು. ಈಗ?” ಮತ್ತೆ ಚಿತ್ರವನ್ನು ತಂದಳು.

“ಹೋಯ್ತು! ಏನೇ ಇದು, ನನ್ನನ್ನ ಆಟ ಆಡಿಸ್ತಿದ್ಯಾ?”

ಅವಳು ಫೋನು ಕೆಳಗಿಟ್ಟಳು. ಪಕ್ಕದಲ್ಲಿ ಚಿತ್ರ ತೋರಿಸಲೆಂದೇ ಅವಳ ಕಂಪ್ಯೂಟರು ಫೈಲನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. ಅವನ ಹೆಜ್ಜೆ ಕೇಳಿದಾಗೆಲ್ಲ ಅವಳು ಮುಚ್ಚುತ್ತಿದ್ದಳು. ಅವನಿಗೆ ಕಾರಣ ಕಾಣುವುದಾದರೂ ಹೇಗೆ?

ಗಡಿಯಾರ ನೋಡಿದಳು. ಐದಕ್ಕೆ ಹತ್ತು ನಿಮಿಷ.

ಹೋಗಿ ಹೇಳಿದರೆ ಇಡೀ ಕಾರ್ಖಾನೆಯೇ ನಗುತ್ತದೆ. ಹೇಳದಿದ್ದರೆ ಅವನು ಹೋಗಿಬಿಡುತ್ತಾನೆ... ನಗಲಿ! ಚೆನ್ನಾಗಿ ನಗಲಿ!

ಎರಡೆರಡು ಮೆಟ್ಟಿಲು ಹಾರಿಕೊಂಡೇ ಇಳಿದಳು. ಮ್ಯಾನೇಜರರ ಮೇಜಿನ ಮೇಲೆ ಅವನು ಬೀಗದ ಕೈ ಇಡುತ್ತಿದ್ದ. ಸುತ್ತ ನಾಲ್ಕಾರು ಜನ.

“ಸಾರ್, ತಪ್ಪು ನನ್ನದು! ಇವರು ಹೇಳಿದ್ದೇ ನಿಜ!” ಏದುಸಿರು ಬಿಡುತ್ತಲೇ ಎಲ್ಲವನ್ನೂ ಒದರಿದಳು. ಚಿತ್ರವನ್ನು ಪಕ್ಕದಲ್ಲಿ ಇಟ್ಟುಕೊಂಡದ್ದು, ನೋಡಿ ಹಿಗ್ಗಿದ್ದು, ನಾಚಿ ಮುಚ್ಚಿದ್ದು, ಒಂದನ್ನೂ ಬಿಡಲಿಲ್ಲ. “ಇವರನ್ನ ಕಳಿಸ್ಬೇಡಿ ಸಾರ್. ಬೇಕಾದ್ರೆ ನನ್ನನ್ನ ಬೈಯಿರಿ.”

ಯಾರೋ ಕಿಸಕ್ಕೆಂದರು. ಮ್ಯಾನೇಜರ್ ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡರು.

“ಆ ಪಕ್ಕದ ಚಿತ್ರ ಬರದ ಹಾಗೆ ಮಾಡೋಕೆ ಎಷ್ಟು ಹೊತ್ತು ಬೇಕಪ್ಪ?”

“ಎರಡು ನಿಮಿಷ ಸಾರ್.”

“ಮಾಡಿ. ಈ ಬೀಗದ ಕೈ ನೀವೇ ಇಟ್ಕೊಳ್ಳಿ.”

ಹೊರಗಿನ ಓಣಿಯಲ್ಲಿ ಇಬ್ಬರೇ ಉಳಿದರು. ಅವಳ ಕಣ್ಣು ತುಂಬಿ ಬಂದಿತ್ತು.

“ಆಗ ಯಾಕೆ ಸುಮ್ಮನಿದ್ರಿ? ತಿರುಗಿಸಿ ಬೈಬಾರದಿತ್ತಾ ನನಗೆ?”

“ನೀವು ಒಳಗೆ ಬಂದಾಗ ನನ್ನ ಮಾತು ಅರ್ಧ ಆಗಿತ್ತು. ‘ಆದ್ರೆ ಅವರ ತಪ್ಪಿರಲ್ಲ, ನಾನು ಹುಡುಕ್ತೀನಿ, ಇನ್ನೊಂದು ವಾರ ಕೊಡಿ’ ಅನ್ನೋದರಲ್ಲಿದ್ದೆ. ನಿಮ್ಮ ಮುಖ ನೋಡಿ ಮಾತೇ ಹೊರಡ್ಲಿಲ್ಲ.”

“ಕ್ಷಮಿಸಿ...”

“ಕ್ಷಮಿಸಲ್ಲ.” ಅವನ ತುಟಿಯಂಚಿನಲ್ಲಿ ನಗು. “ಎರಡು ನಿಮಿಷದಲ್ಲಿ ಎಲ್ಲ ಸರಿಹೋಗುತ್ತೆ. ನಾಳೆಯಿಂದ ಮಹಡಿ ಹತ್ತೋಕೆ ನನಗೆ ಕಾರಣಾನೇ ಇಲ್ಲದ ಹಾಗೆ ಮಾಡಿಬಿಟ್ರಲ್ಲ!”

ಅವಳ ಕೆನ್ನೆ ಕೆಂಪಾಯಿತು. ಆದರೆ ಈ ಸಲ ಯಾವುದನ್ನೂ ಮುಚ್ಚಿಡಲಿಲ್ಲ.

“ನೀವು ಅಂದ್ರೆ ನನಗೆ ಇಷ್ಟ,” ಎಂದಳು. “ಕಾರಣ ಯಾಕೆ? ಸುಮ್ನೆ ಬನ್ನಿ.”

“ದಿನಾ?”

“ದಿನಾ.”